ಬಟಾಣಿಗೆ ಮಣ್ಣೋ, ನೀರೋ?

ಈ ಸಲದ ಪ್ರಶ್ನೆ ನೆದರ್ಲೆಂಡ್ಸ್‌ನ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಿಂದ: ಬಾಲ್ಕನಿಯಲ್ಲಿ ಸುಲಿಯೋ ಬಟಾಣಿ ಬೆಳೀಬೇಕು, ಕುಂಡದ ಮಣ್ಣು ಒಳ್ಳೇದಾ, ಹೈಡ್ರೋಪೋನಿಕ್ಸ್ ಒಳ್ಳೇದಾ? ಉತ್ತರ ಮೊದಲೇ ಹೇಳಿಬಿಡ್ತೀವಿ. ಕಾಳು ಬೇಕಿದ್ದರೆ ಮಣ್ಣು, ಬರೀ ಕುಡಿ ಸಾಕು ಅಂದ್ರೆ ನೀರು. ಯಾಕೆ ಅನ್ನೋದು ಗಿಡದ ಬೇರಿನಲ್ಲಿದೆ.

ಹೂಬಿಟ್ಟ ಬಟಾಣಿ ಗಿಡವನ್ನು ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ. ಸಣ್ಣ ಸಣ್ಣ ಗಂಟುಗಳಿರುತ್ತವೆ. ರೋಗ ಅಲ್ಲ ಅದು, ಬ್ಯಾಕ್ಟೀರಿಯಾಗಳ ಮನೆ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ ಇದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಈ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತೆ, ಗಿಡ ಬದಲಿಗೆ ಸಕ್ಕರೆ ಅಂಶ ಕೊಡುತ್ತೆ. ಗಂಟನ್ನು ಉಗುರಲ್ಲಿ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೀತಾ ಇದೆ ಅಂತ ಲೆಕ್ಕ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದೂರದ ನೆಂಟ.

ಈ ಕಥೆ ಕಾಪೆಲ್ಲೆಯವರಿಗೆ ಪಕ್ಕದ ಊರಿನದ್ದೇ. ರಾಟರ್‌ಡ್ಯಾಮ್ ದಾಟಿದರೆ ಸಿಗುವ ಡೆಲ್ಫ್ಟ್‌ನಲ್ಲಿ, ಒಂದು ಯೀಸ್ಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಾರ್ಟಿನಸ್ ಬೈಯರಿಂಕ್ 1888ರಲ್ಲಿ ಈ ಗಂಟುಗಳೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಅದೇ ಹೊತ್ತಿಗೆ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್, ಸಾರಜನಕವೇ ಇಲ್ಲದ ಮರಳಿನಲ್ಲಿ ಬಟಾಣಿ ಬೆಳೆಸಿ ನೋಡಿದ್ದರು. ಮರಳನ್ನು ಕಾಯಿಸಿ ಕ್ರಿಮಿಯೆಲ್ಲ ಸಾಯಿಸಿದ್ದ ಕುಂಡಗಳಲ್ಲಿ ಗಿಡ ಸೊರಗಿತು. ಮಣ್ಣು ಕಲಸಿ ಸೋಸಿದ ನೀರನ್ನು ಸ್ವಲ್ಪ ಹಾಕಿದ ಕುಂಡಗಳಲ್ಲಿ ಚೆನ್ನಾಗಿ ಬೆಳೆಯಿತು. ಆ ಸೋಸಿದ ನೀರಲ್ಲಿ ಗೊಬ್ಬರ ಅನ್ನುವಷ್ಟು ಏನೂ ಇರಲಿಲ್ಲ, ಇದ್ದದ್ದು ಜೀವಿಗಳು.

ಈಗ ಹೈಡ್ರೋಪೋನಿಕ್ಸ್‌ಗೆ ಬನ್ನಿ. ಅಂಗಡಿಯ ದ್ರವ ಗೊಬ್ಬರದಲ್ಲಿ ನೈಟ್ರೇಟ್ ಧಾರಾಳ. ಸಿದ್ಧ ಸಾರಜನಕ ಸಿಕ್ಕರೆ ಬಟಾಣಿ ಗಂಟು ಕಟ್ಟೋ ಗೋಜಿಗೇ ಹೋಗೋದಿಲ್ಲ, ಸಕ್ಕರೆ ಖರ್ಚು ಮಾಡಿ ಬಾಡಿಗೆದಾರರನ್ನು ಯಾಕೆ ಸಾಕಬೇಕು ಹೇಳಿ! ಗಿಡ ಬೆಳೆಯುತ್ತೆ, ಕಾಯೂ ಬಿಡುತ್ತೆ. ಆದರೆ ಎರಡು ತಿಂಗಳಿಗೂ ಹೆಚ್ಚು ಕಾಲ ಗೊಬ್ಬರ, ಬೆಳಕು, ನೀರಲ್ಲಿ ಗಾಳಿ ಆಡಿಸೋ ಪಂಪು ಎಲ್ಲಾ ನಿಮ್ಮ ಖರ್ಚು. 2019ರಲ್ಲಿ ನ್ಯಾಯಾಲಯದ ತೀರ್ಪೊಂದರ ನಂತರ ಸಾರಜನಕ ಮಾಲಿನ್ಯವೇ ದೊಡ್ಡ ರಾಜಕೀಯ ಆದ ದೇಶದಲ್ಲಿ, ತನ್ನ ಸಾರಜನಕ ತಾನೇ ಮಾಡಿಕೊಳ್ಳೋ ಗಿಡಕ್ಕೆ ಬಾಟಲಿಯಿಂದ ಸುರಿಯೋದು ನಮಗಂತೂ ತಮಾಷೆಯಾಗಿ ಕಾಣುತ್ತೆ.

ಹಾಗಂತ ಅಂಗಡಿಯಿಂದ ತಂದ ಹೊಸ ಕುಂಡದ ಮಣ್ಣಲ್ಲೂ ಈ ಬ್ಯಾಕ್ಟೀರಿಯಾ ಇರದೇ ಹೋಗಬಹುದು. ಬಟಾಣಿ ಅಥವಾ ಡಚ್ಚರ ಟೌನ್‌ಬೋನ್ ಬೆಳೆದ ತೋಟದ ಮಣ್ಣು ಒಂದು ಹಿಡಿ ಕೇಳಿ ತಂದು ಬೆರೆಸಿ. ಅವರೆ, ಶೇಂಗಾ ಬೆಳೆದ ಮಣ್ಣು ಉಪಯೋಗಕ್ಕೆ ಬರೋಲ್ಲ, ಅವುಗಳ ನಂಟು ಬೇರೆ ಬ್ಯಾಕ್ಟೀರಿಯಾ ಜೊತೆ. ನೀರು ನಿಲ್ಲಬಾರದು, ಗಂಟಿಗೂ ಗಾಳಿ ಬೇಕು. ಸಮುದ್ರಮಟ್ಟಕ್ಕಿಂತ ಕೆಳಗಿರೋ ಈ ಪ್ರದೇಶದಲ್ಲಿ ನೆಲದಲ್ಲೇ ಬಿತ್ತೋರು ಏರುಮಡಿ ಮಾಡಿಕೊಳ್ಳೋದು ಒಳ್ಳೇದು.

ಬಿತ್ತೋದು ಮಾರ್ಚ್, ಏಪ್ರಿಲ್‌ನಲ್ಲಿ, ಕೊಯ್ಯೋದು ಜೂನ್ ಹೊತ್ತಿಗೆ. ಊರಲ್ಲಿ ಚಳಿಗಾಲದ ಬೆಳೆ, ಅಲ್ಲಿ ವಸಂತದ್ದು. ಎರಡೂ ಕಡೆ ಬಟಾಣಿ ಕೇಳೋದು ತಂಪು ಹವೆಯನ್ನೇ, ಬಿಸಿ ಜಾಸ್ತಿಯಾದರೆ ಹೂ ಉದುರುತ್ತೆ. ದುಂಬಿ ಬರದಿದ್ದರೂ ಚಿಂತೆಯಿಲ್ಲ, ಹೂ ಅರಳೋ ಮೊದಲೇ ತನ್ನಲ್ಲೇ ಪರಾಗಸ್ಪರ್ಶ ಮುಗಿಸಿರುತ್ತೆ. ಬೀಜ ಅಲ್ಲೇ ಕೊಳ್ಳಿ. ಭಾರತದಿಂದ ಬಿತ್ತನೆಗೆ ತರೋದಾದರೆ ಐರೋಪ್ಯ ಒಕ್ಕೂಟದ ನಿಯಮದಂತೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಮ್ಮ ಸೂಟ್‌ಕೇಸಿನಲ್ಲಿ ಗಂಟು ಕಟ್ಟಿ ಕೊಟ್ಟರೂ ಅಷ್ಟೇ.

ಎಷ್ಟು ಸಿಗುತ್ತೆ? ಗಿಡಕ್ಕೆ 8 ಕಾಯಿ, ಕಾಯಿಗೆ 6 ಕಾಳು ಅಂತ ಹಿಡಿದರೆ 48 ಕಾಳು, ಅಂದಾಜು 20 ಗ್ರಾಂ. ನಾಲ್ಕು ಜನರ ಪಲಾವಿಗೆ 200 ಗ್ರಾಂ ಬೇಕಂದ್ರೆ 10 ಗಿಡ. ಕಿತ್ತ ಗಳಿಗೆಯಿಂದಲೇ ಕಾಳಿನ ಸಿಹಿ ಇಳಿಯೋಕೆ ಶುರು, ಅದಕ್ಕೇ ಒಲೆ ಹಚ್ಚಿ ಆಮೇಲೆ ಕೊಯ್ಯಿರಿ.

ಹೈಡ್ರೋಪೋನಿಕ್ಸ್ ಡಬ್ಬಿ ಆಗಲೇ ಕೊಂಡಿದ್ದೀರಾ? ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಅಡುಗೆಮನೆಯ ಒಣ ಬಟಾಣಿಯನ್ನು ರಾತ್ರಿ ನೆನೆಹಾಕಿ, ತಟ್ಟೆಯಲ್ಲಿ ಹರಡಿ ಮೊಳಕೆ ಬರಿಸಿ. ಬೀಜದಲ್ಲೇ ದಾಸ್ತಾನಿರೋದರಿಂದ ಗೊಬ್ಬರ ಹೆಚ್ಚುಕಮ್ಮಿ ಬೇಕಾಗಿಲ್ಲ. ಎರಡು ಮೂರು ವಾರದಲ್ಲಿ ಕುಡಿ ಕತ್ತರಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಬಹುದು.