ಮೇಲ್ಪಂಕ್ತಿಯಾಗಿ ಒಂದು ಬಂದರಿನ ಚಿತ್ರ

ನಮ್ಮ ಶಾಲೆಯ ಕಳೆದ ಚಿತ್ರಪ್ರದರ್ಶನದಲ್ಲಿ ಒಬ್ಬ ತಾಯಿಯವರು ತಮ್ಮ ಮಗಳ ತೈಲಚಿತ್ರದ ಮುಂದೆ ನಿಂತು, “ಟೀಚರೇ, ಲೆಕ್ಕದ ಪರೀಕ್ಷೆಯಲ್ಲಿ ನೋಡಿ ಬರೆದರೆ ಶಿಕ್ಷೆ, ಚಿತ್ರದಲ್ಲಿ ನೋಡಿ ಬರೆದರೆ ಬಹುಮಾನವೇ?” ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಅದನ್ನು ಕೇಳಿ ಹುಡುಗಿಯ ಮುಖವು ಬಾಡಿದುದನ್ನು ನಾವು ಕಂಡೆವು. ಆದುದರಿಂದ ಉತ್ತರವನ್ನು ಎಲ್ಲ ಪೋಷಕರ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಮ್ಮ ಹುಡುಗಿಯರು ನೋಡಿ ಬರೆದದ್ದು ಫ್ರಾನ್ಸ್ ದೇಶದ ಕ್ಲಾಡ್ ಮೋನೆ ಎಂಬಾತನ ‘ಇಂಪ್ರೆಶನ್, ಸೂರ್ಯೋದಯ’ ಎಂಬ ಚಿತ್ರವನ್ನು. ಅದರ ಎತ್ತರ 48 ಸೆಂಟಿಮೀಟರ್, ಅಗಲ 63. ಹೆಸರಿನೊಡನೆ 1872ನೆಯ ವರ್ಷವನ್ನು ಅದರಲ್ಲಿ ಕಾಣಿಸಿದೆ. ತಾನು ಬೆಳೆದ ಲ ಆವ್ರ್ ಪಟ್ಟಣದ ಬಂದರನ್ನು ಮೋನೆಯು ಮುಂಜಾವದ ಮಂಜಿನಲ್ಲಿ ಬರೆದನು. 1874ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದಾಗ ಲೂಯಿ ಲೆರುವಾ ಎಂಬ ವಿಮರ್ಶಕನು ಈ ಹೆಸರನ್ನೇ ಹಿಡಿದು ಗೇಲಿ ಮಾಡಿದನು. ಗೇಲಿಯ ಆ ಮಾತೇ ಮುಂದೆ ಒಂದು ಕಲಾಪಂಥದ ಹೆಸರಾಯಿತು. ಮೂಲಚಿತ್ರವು ಈಗ ಪ್ಯಾರಿಸಿನ ಮಾರ್ಮೊತಾನ್ ಮೋನೆ ಸಂಗ್ರಹಾಲಯದಲ್ಲಿದೆ.

ಇನ್ನು ಕಲಿಸುವ ಕ್ರಮ. ಮೊದಲನೆಯ ವರ್ಷ ನಾವೇ ತಪ್ಪಿದೆವು. ದೋಣಿ, ಕೂವೆಮರಗಳನ್ನೆಲ್ಲ ಪೆನ್ಸಿಲಿನಿಂದ ಗೀಚಿಸಿ ಒಳಗೆ ಬಣ್ಣ ತುಂಬಿಸಿದೆವು. ಮಂಜು ಎಲ್ಲಿಯೂ ಮೂಡಲಿಲ್ಲ. ಈಗ ಕ್ಯಾನ್ವಾಸಿನ ಮೇಲೆ ಮೊದಲು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿದ ಬೂದುನೀಲಿಯನ್ನು ಹರಡಿಸುತ್ತೇವೆ. ದೂರದ ಹಡಗುಗಳನ್ನು ಆ ಬಣ್ಣವು ಹಸಿಯಾಗಿರುವಾಗಲೇ ಮೃದುವಾಗಿ ಸೇರಿಸಬೇಕು. ಹತ್ತಿರದ ದೋಣಿಯನ್ನು ಗಾಢವಾಗಿ, ನಾಲ್ಕಾರು ಬೀಸುಗಳಲ್ಲಿ ಮುಗಿಸಬೇಕು. ಕೆಳಗಿನ ಪದರದಲ್ಲಿ ಎಣ್ಣೆ ಕಡಮೆ, ಮೇಲಿನದರಲ್ಲಿ ಹೆಚ್ಚು ಎಂಬುದು ನಿಯಮ. ಅಗಸೆಯೆಣ್ಣೆಯು ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ನಿಯಮವು ತಪ್ಪಿದರೆ ಮೇಲಿನ ಪದರವು ಮುಂದೆ ಬಿರುಕುಬಿಡುವುದು. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಬೆಂಕಿ ಹತ್ತುವ ಭಯವುಂಟು. ಆದುದರಿಂದ ಅದನ್ನು ನೀರಿನಲ್ಲಿ ನೆನೆಸಿಡತಕ್ಕದ್ದು; ಕೋಣೆಯ ಕಿಟಕಿಗಳನ್ನು ತೆರೆದಿಡತಕ್ಕದ್ದು.

ಕೊನೆಗೆ ಸೂರ್ಯ. ಮೇಲೆ ಹೇಳಿದ ಹುಡುಗಿಯು ಸೂರ್ಯನು ಹೊಳೆಯಬೇಕೆಂದು ಕಿತ್ತಳೆ ಬಣ್ಣಕ್ಕೆ ಬಿಳಿಯನ್ನು ಬೆರಸಿದಳು. ಸೂರ್ಯನು ಹೊಳೆಯುವುದರ ಬದಲು ಪೇಲವನಾದನು. ಇನ್ನಷ್ಟು ಬಿಳಿ ಬೆರಸಿದಳು, ಇನ್ನಷ್ಟು ಕೆಟ್ಟಿತು. ಐದು ಸಲ ಕೆರೆದು ತೆಗೆದು ಅತ್ತಳು. ಆಗ ಅದೇ ಚಿತ್ರದ ಕಪ್ಪುಬಿಳುಪು ಪ್ರತಿಯನ್ನು ಅವಳಿಗೆ ತೋರಿಸಿದೆವು. ಅದರಲ್ಲಿ ಸೂರ್ಯನು ಬಹುಮಟ್ಟಿಗೆ ಮಾಯವಾಗಿದ್ದನು! ಮೋನೆಯ ಸೂರ್ಯನಿಗೂ ಸುತ್ತಲಿನ ಆಕಾಶಕ್ಕೂ ಬೆಳಕಿನ ಅಳತೆಯಲ್ಲಿ ಹೆಚ್ಚು ಅಂತರವಿಲ್ಲ. ಅಂತರವಿರುವುದು ಬಣ್ಣದಲ್ಲಿ ಮಾತ್ರ. ನೀಲಿಯ ನಡುವೆ ಕಿತ್ತಳೆಯು ಅದರ ವಿರೋಧದಿಂದಲೇ ಉರಿಯುತ್ತದೆ. ಆರನೆಯ ಸಲ ಅವಳು ಬಿಳಿಯನ್ನು ಕಡಮೆ ಮಾಡಿದಳು, ಸೂರ್ಯನು ಮೂಡಿದನು. ಇಷ್ಟನ್ನು ನಾವು ಮಾತಿನಿಂದ ಕಲಿಸಬಲ್ಲೆವೇ?

ನಮ್ಮ ಹಿರಿಯರು ಮಕ್ಕಳಿಂದ ಅಕ್ಷರ ತಿದ್ದಿಸಿದರು. ಹಾಗೆ ತಿದ್ದಿದವರೆಲ್ಲರ ಕೈಬರಹವೂ ಗುರುಗಳದರಂತೆಯೇ ಉಳಿಯಿತೇ? ನೋಡಿ ಬರೆಯುವುದು ಕಳವಾಗುವುದು ಅದನ್ನು ಮರೆಮಾಡಿದಾಗ. ಪ್ಯಾರಿಸಿನ ಲೂವ್ರಿನಲ್ಲಿ ಇಂದಿಗೂ ಅನುಮತಿ ಪಡೆದು ಚಿತ್ರಗಳನ್ನು ನೋಡಿ ಬರೆಯುವವರುಂಟು. ಆದರೆ ಪ್ರತಿಯು ಮೂಲದ ಅಳತೆಯಲ್ಲಿರಕೂಡದು. ನಮ್ಮಲ್ಲಿಯೂ ಅಳತೆಯನ್ನು ಅರ್ಧಮಾಡಿ, ಹಿಂಬದಿಯಲ್ಲಿ ‘ಮೋನೆಯ ಚಿತ್ರವನ್ನು ನೋಡಿ ಬರೆದದ್ದು’ ಎಂದು ಬರೆಸುತ್ತೇವೆ. ಮೋನೆಯಾದರೋ 1867ರಲ್ಲಿ ಅದೇ ಲೂವ್ರಿನ ಮೇಲಂತಸ್ತಿನಲ್ಲಿ ನಿಂತು, ಒಳಗಿನ ಚಿತ್ರಗಳಿಗೆ ಬೆನ್ನುಮಾಡಿ, ಹೊರಗಿನ ಬೀದಿಗಳನ್ನು ಬರೆದನು. ಮೇಲ್ಪಂಕ್ತಿಯ ಮುಂದಿನ ಹೆಜ್ಜೆ ಅದೇ.

ಪರೀಕ್ಷೆ ಮುಗಿದ ಮೇಲೆ ಆ ತರಗತಿಯನ್ನು ಸಾಯಂಕಾಲ ಮಂಗಳೂರಿನ ದಕ್ಕೆಗೆ ಕರೆದುಕೊಂಡು ಹೋದೆವು. ಅಲ್ಲಿ ಸೂರ್ಯನು ಬೆಂಗ್ರೆಯ ಕಡೆಗೆ ಇಳಿಯುತ್ತಿದ್ದನು. ಮೋನೆಯ ನೀಲಿಯು ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಆ ಹುಡುಗಿಯು ಬಣ್ಣದ ಹಲಗೆಯನ್ನು ಒರಸಿ, ಹೊಸದಾಗಿ ಬೆರಸಲು ತೊಡಗಿದಳು. ಅವಳ ತಾಯಿಯವರು ಬರುವ ಪ್ರದರ್ಶನಕ್ಕೆ ತಪ್ಪದೆ ದಯಮಾಡಿಸಬೇಕೆಂದು ಪ್ರಾರ್ಥಿಸುತ್ತೇವೆ.