ಸಾಗಾಟದ ಹೊಣೆ: ನಂಬಿದ್ದೇನು, ನಿಜವೇನು?

"ಆರ್ಡರ್ ಜಾಸ್ತಿಯಾದ ಮೇಲೆ ನೋಡೋಣ, ಸದ್ಯಕ್ಕೆ ನಾವೇ ಕಳಿಸೋಣ." ಚನ್ನಪಟ್ಟಣದ ಬೊಂಬೆಯನ್ನೋ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿಯನ್ನೋ ಹೊರಊರಿಗೆ ಮಾರಲು ಹೊರಟವರು ಹೀಗೆಯೇ ನಂಬಿರುತ್ತಾರೆ. ಆದರೆ ಸಾಗಾಟವನ್ನು ಬೇರೆಯವರಿಗೆ ವಹಿಸಬೇಕೋ ಬೇಡವೋ ಎಂಬುದನ್ನು ಆರ್ಡರುಗಳ ಸಂಖ್ಯೆ ನೋಡಿ ತೀರ್ಮಾನಿಸಲಾಗದು. ದಿನಕ್ಕೆ ಐದೇ ಪಾರ್ಸೆಲ್ ಇರಲಿ, ಪ್ಯಾಕಿಂಗ್, ಕೊರಿಯರ್ ಅಂಗಡಿಯ ಸಾಲು, "ನನ್ನ ಸಾಮಾನು ಎಲ್ಲಿಗೆ ಬಂತು?" ಎಂಬ ಫೋನುಗಳಲ್ಲೇ ಮಧ್ಯಾಹ್ನ ಕಳೆಯುತ್ತಿದ್ದರೆ, ಲೇತಿನ ಮೇಲೆ ಬೊಂಬೆಗೆ ಅರಗು ಹಿಡಿಸಬೇಕಾದ ಕೈ ಟೇಪು ಸುತ್ತುತ್ತ ಕೂತಿದ್ದರೆ, ಹೊರಗಿನ ನೆರವು ಈಗಲೇ ಬೇಕು. ತಿಂಗಳಿಗೊಮ್ಮೆ ಒಂದೇ ಅಂಗಡಿಗೆ ದೊಡ್ಡ ಲೋಡು ಕಳಿಸುವವರಿಗೆ ಪರಿಚಯದ ಲಾರಿ ಆಫೀಸೇ ಸಾಕು.

"ನಾವೇ ಮಾಡಿಕೊಂಡರೆ ಅಗ್ಗ" ಎನ್ನುವುದು ಲೆಕ್ಕ ಹಾಕದೆ ಆಡುವ ಮಾತು. ಕೊರಿಯರ್‌ನವರು ತಕ್ಕಡಿಯ ತೂಕವೊಂದನ್ನೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. ಒಂದೂವರೆ ಕಿಲೋ ತೂಗುವ ಮರದ ಕುದುರೆಯನ್ನು 40×30×30ರ ಪೆಟ್ಟಿಗೆಗೆ ಹಾಕಿದರೆ 7.2 ಕಿಲೋಗೆ ಬಿಲ್ಲು ಬರುತ್ತದೆ. 30×25×20ರಲ್ಲಿ ಭದ್ರವಾಗಿ ಕೂತರೆ 3 ಕಿಲೋ. ಪೆಟ್ಟಿಗೆ ತಪ್ಪಿದ್ದಕ್ಕೇ ಕಸುಬುದಾರರ ಲಾಭ ಸೋರಿಹೋಗುವುದನ್ನು ಕಂಡರೆ ಸಂಕಟವಾಗುತ್ತದೆ. ಬಲ್ಲವರನ್ನು ಒಮ್ಮೆ ಕರೆಸಿ ಪ್ಯಾಕಿಂಗ್ ಸರಿಪಡಿಸಿಕೊಳ್ಳುವುದೂ ಹೊರಗಿನ ನೆರವೇ. ಕ್ಯಾಷ್ ಆನ್ ಡೆಲಿವರಿಯ ಸರಕನ್ನು ಗಿರಾಕಿ ಬೇಡವೆಂದರೆ, ಹೋದ ಬಾಡಿಗೆಯ ಜೊತೆಗೆ ವಾಪಸು ಬರುವ ಬಾಡಿಗೆಯೂ ಬಹುತೇಕ ಮಾರಿದವರ ತಲೆಗೇ ಬೀಳುತ್ತದೆ. ನಿಮ್ಮ ಖರ್ಚಿನ ಪುಸ್ತಕದಲ್ಲಿ ಇದಕ್ಕೊಂದು ಬೇರೆ ಪುಟವೇ ಇರಬೇಕು.

ಎಲ್ಲಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: "ಲಾರಿಗೆ ಹಾಕಿಯಾಯಿತು, ಇನ್ನು ಜವಾಬ್ದಾರಿ ಅವರದು." 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ತಕ್ಕ ದರ ಕಟ್ಟದಿದ್ದರೆ, ಸರಕು ಹಾಳಾದಾಗ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. 80,000 ರೂಪಾಯಿಯ ಸರಕಿಗೆ 1,000 ರೂಪಾಯಿ ಬಾಡಿಗೆ ಕೊಟ್ಟಿದ್ದರೆ ಸಿಗುವುದು ಹೆಚ್ಚೆಂದರೆ 10,000. ಆದ್ದರಿಂದ ಒಡೆಯುವ, ಬೆಲೆಬಾಳುವ ಸರಕಿಗೆ ವಿಮೆ ಮಾಡಿಸಿ. ಮೌಲ್ಯ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಈ-ವೇ ಬಿಲ್ ಎಂಬ ಜಿಎಸ್‌ಟಿ ಸಾಗಣೆ ದಾಖಲೆ ಬೇಕು, ಅದರಲ್ಲಿನ ವಿವರ ನಿಮ್ಮ ಇನ್‌ವಾಯ್ಸಿಗೆ ತಾಳೆಯಾಗಬೇಕು.

ನೆರವೆಂದರೆ ಗೋದಾಮಿನ ಬೀಗದ ಕೈಯನ್ನೇ ಒಪ್ಪಿಸುವುದು ಎಂದು ಹೆದರುವವರೂ ಇದ್ದಾರೆ. ಹಾಗೇನಿಲ್ಲ. ಮೊದಲು ದೂರದ ಒಂದು ರಾಜ್ಯದ ಪಾರ್ಸೆಲ್‌ಗಳನ್ನಷ್ಟೇ ಬೇರೆಯವರಿಗೆ ಕೊಟ್ಟು, ಖರ್ಚು, ಒಡಕು, ತಡ ಮೂರನ್ನೂ ಹಿಂದಿನ ತಿಂಗಳಿನ ಜೊತೆ ಹೋಲಿಸಿ ನೋಡಿ. ಮುಂದೆ ಮುಂಬೈಯಲ್ಲೇ ಸರಕಿಟ್ಟು ಅಲ್ಲಿಂದಲೇ ಮಾರುವ ಯೋಚನೆ ಬಂದರೆ, ಮಹಾರಾಷ್ಟ್ರದಲ್ಲೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಗೋದಾಮಿಗೆ ಮುಂಗಡ ಕೊಡುವ ಮೊದಲೇ ಆಡಿಟರ್ ಹತ್ತಿರ ಕೂತು ಆ ಲೆಕ್ಕ ಮುಗಿಸಿ.