ಮೂರನೆಯ ಬಟ್ಟಲು ಕಾಫಿ

ಇಥಿಯೋಪಿಯದಲ್ಲಿ ಬೆಳಗಿನ ಏಳು ಗಂಟೆಗೆ ‘ಒಂದು ಗಂಟೆ’ ಎನ್ನುವರು. ಅಲ್ಲಿಯವರ ಎಣಿಕೆ ಸೂರ್ಯೋದಯದಿಂದ ಮೊದಲಾಗುತ್ತದೆ. ‘ಎರಡು ಗಂಟೆಗೆ ತರಗತಿ’ ಎಂಬ ಮಾತನ್ನು ನಂಬಿ, ಊಟ ಮುಗಿಸಿ ನೆಮ್ಮದಿಯಿಂದ ಹೊರಟ ಹೊಸ ಅಧ್ಯಾಪಕರು ಆರು ಗಂಟೆ ತಡವಾಗಿ ಶಾಲೆ ಸೇರಿಯಾರು! ಮೊದಲ ದಿನವೇ ಹೀಗಾದರೆ ವಿದ್ಯಾರ್ಥಿಗಳ ಮುಂದೆ ಮುಖವೆತ್ತುವುದು ಕಷ್ಟ.

ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆ 1974ರಲ್ಲಿ ಕೊನೆಗೊಳ್ಳುವವರೆಗೂ ಆ ನಾಡಿನ ಶಾಲೆಗಳಲ್ಲಿ ಭಾರತದ ಅಧ್ಯಾಪಕರು ದೊಡ್ಡ ಸಂಖ್ಯೆಯಲ್ಲಿದ್ದರು. ಅನಂತರ ವಿಶ್ವವಿದ್ಯಾನಿಲಯಗಳಿಗೂ ನಮ್ಮವರು ಹೋದರು. ಇಂಥ ಕಡೆ ಹೊಸಬರಿಗೆ ದಾರಿ ತೋರುವವರು ಮೊದಲೇ ನೆಲೆಸಿದ ಸ್ವದೇಶೀಯರೇ. ಅವರಲ್ಲಿ ಸಂಕೋಚವಿಲ್ಲದೆ ಕೇಳಬೇಕು. ಆದರೆ ಕೇಳುವುದಕ್ಕೂ ಒಂದು ರೀತಿಯುಂಟು. ಪೆಟ್ಟಿಗೆ ಇಳಿಸಿದ ರಾತ್ರಿಯೇ ಮನೆಬಾಡಿಗೆ, ಹಾಲು, ಮಕ್ಕಳ ಶಾಲೆ, ರಜೆ ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದರೆ ಆತಿಥೇಯರು ಆಕಳಿಸದೆ ಏನು ಮಾಡಿಯಾರು? ‘ನಿಮಗೆ ಸಂಬಳವೆಷ್ಟು?’ ಎಂಬುದು ನಮ್ಮ ರೈಲುಗಾಡಿಯಲ್ಲಿ ಸಹಜವಾದ ಪ್ರಶ್ನೆ. ಒಬ್ಬೊಬ್ಬರ ಕರಾರು ಒಂದೊಂದು ಬಗೆಯಾಗಿರುವಲ್ಲಿ ಅದೇ ಮನಸ್ತಾಪಕ್ಕೆ ಬೀಜ.

ನಮ್ಮವರು ನಾಲ್ವರು ಸೇರಿದೊಡನೆ ಆ ನಾಡಿನ ಊಟವನ್ನು ಹಳಿಯುವುದು ಇನ್ನೊಂದು ಚಪಲ. ಅವರ ಇಂಜೆರವು ಟೆಫ್ ಎಂಬ ಕಿರುಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದದ್ದು. ದೋಸೆ ತಿಂದು ಬೆಳೆದವರು ಅದಕ್ಕೆ ಮೂಗು ಮುರಿಯುವುದೇ? ಮಾತು ತಿಳಿಯದವರಿಗೂ ಮುಖ ನೋಡಿದರೆ ತಿಳಿಯುತ್ತದೆ.

ನೆರೆಯವರು ಕಾಫಿಗೆ ಕರೆದರೆ ಗಡಿಯಾರ ನೋಡದೆ ಹೋಗಿರಿ. ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಕುದಿಸಿ ಮೂರು ಸಲ ಕೊಡುವರು: ಅಬೋಲ್, ತೋನ, ಬರಕ. ಬರಕವೆಂದರೆ ಆಶೀರ್ವಾದ. ಎರಡನೆಯ ಬಟ್ಟಲಿಗೇ ‘ಬರುತ್ತೇನೆ’ ಎಂದು ಏಳುವ ಹೊಸಬರನ್ನು ಕೈಹಿಡಿದು ಕೂರಿಸುವ ಕೆಲಸ ಹಳಬರದು.